ಕುದ್ರುವಿನ ಬಾವಿ

ದೋಣಿ ಮರಳಿಗೆ ತಾಗಿದ್ದೇ ಗೊತ್ತಾಗಲಿಲ್ಲ. ನಾವುಂದದಾಚೆಯ ಈ ಕುದ್ರುವಿನ, ಅಂದರೆ ಪುಟ್ಟ ನಡುಗಡ್ಡೆಯ, ಒಂದು ಬದಿಗೆ ಉಬ್ಬರದ ಉಪ್ಪುನೀರು ನುಗ್ಗುವ ಹೊಳೆ, ಇನ್ನೊಂದು ಬದಿಗೆ ಕಡಲು. ಬಿಸಿಲಿನ ಮಬ್ಬಿನಲ್ಲಿ ಎರಡಕ್ಕೂ ಒಂದೇ ಬಣ್ಣ; ನಡುವಿನ ಮರಳು ತೇಲುತ್ತಿರುವಂತೆ ಕಾಣುತ್ತದೆ. ಕಡಲಾಮೆಗಳು ಮೊಟ್ಟೆಯಿಡುವ ಜಾಗವೆಂದು ಈಗ ಇಲ್ಲಿ ಯಾರೂ ವಾಸಿಸುವಂತಿಲ್ಲ. ಇಲ್ಲೇ ಹುಟ್ಟಿದ ಗುಲಾಬಕ್ಕ ಮಾತ್ರ ವರ್ಷಕ್ಕೊಮ್ಮೆ ಅನುಮತಿ ಪಡೆದು, ತಮ್ಮ ಹಳೆಯ ಬಾವಿಯ ಕಸ ತೆಗೆಯಲು ಬರುತ್ತಾರೆ. ಇವತ್ತು ಅವರ ಜೊತೆ ನಾನೂ ಬಂದೆ.

"ಎರಡೂ ಕಡೆ ಉಪ್ಪುನೀರು. ನಡುವಿನ ಬಾವಿ ಸಿಹಿ ಹೇಗಿರುತ್ತೆ?" ಎಂದು ದಾರಿಯುದ್ದಕ್ಕೂ ವಾದಿಸಿದ್ದೆ.

"ನೀನೇ ಕುಡ್ದ್ ಹೇಳ್ ಮಾಣಿ. ಜ್ವರ ಬಂದ್ ಹೋದ್ಮೇಲೆ ನಂಗೆ ರುಚಿಯೇ ಗೊತ್ತಾತಿಲ್ಲೆ. ಉಪ್ಪಾಯಿದ್ರೆ ಬಾವಿ ಮುಚ್ಚಿ ಹೋಪ. ಇನ್ ನಾ ಬತ್ತಿಲ್ಲೆ," ಎಂದು ಗುಲಾಬಕ್ಕ ಚೊಂಬು ತುಂಬಿಸಿ, ಜೊತೆಗೊಂದು ತುಂಡು ಬೆಲ್ಲ ಕೊಟ್ಟರು.

"ಬೆಲ್ಲ ತಿಂದರೆ ಪರೀಕ್ಷೆ ಹೇಗಾಗುತ್ತೆ?"

"ಹ್ವಾಯ್, ಮನಿಗ್ ಬಂದರಿಗೆ ಬೆಲ್ಲ ಇಲ್ದೆ ನೀರ್ ಕೊಡುಕಾತ್ತಾ?"

ಮನೆ ಎಲ್ಲಿದೆ ಎಂದು ಕೇಳಲು ಬಾಯಿ ತೆರೆದೆ. ಬಳ್ಳಿಗಳಡಿ ಅಡಿಪಾಯದ ಕಲ್ಲುಗಳಷ್ಟೇ ಉಳಿದಿದ್ದವು. ಆದರೆ ಹೊಸ್ತಿಲಿದ್ದ ಜಾಗದಲ್ಲಿ ಅವರು ಕಾಲೆತ್ತಿ ದಾಟಿದ್ದನ್ನು ಆಗಲೇ ನೋಡಿದ್ದೆ. ಚೊಂಬು ಎತ್ತಿದೆ.

ಬೆಲ್ಲವನ್ನು ಮುಷ್ಟಿಯಲ್ಲಿಟ್ಟುಕೊಂಡು ಒಂದು ಗುಟುಕು ಕುಡಿದೆ. ತೆಳ್ಳಗೆ ಉಪ್ಪು. ವಾದ ಗೆದ್ದಿದ್ದೆ. ಬೆಲ್ಲ ಬಾಯಿಗಿಟ್ಟು ಮತ್ತೆ ಕುಡಿದೆ.

"ಎಂತ?"

"ಸಿಹಿ ಇದೆ ಅಕ್ಕ."

"ಹಂಗಾರೆ ಬಪ್ಪ ವರ್ಷವೂ ಬರ್ಕ್," ಎಂದು ಗುಲಾಬಕ್ಕ, ಕಸ ಬೀಳದಂತೆ ಹೆಣೆದ ತೆಂಗಿನ ಗರಿಯನ್ನು ಬಾವಿಗೆ ಮುಚ್ಚಿದರು.