ಅವರ್ಸಾದ ಗದ್ದೆ ಮತ್ತು ಮಾಸ್ತರರ ಪೆಟ್ಟಿಗೆ

ಆ ದಿನ ಮಳೆ ನಿಂತಿತ್ತು ಎಂದು ನನ್ನ ನೆನಪು. ಜೊತೆಗಿದ್ದ ಗೆಳೆಯ ಸುರಿಯುತ್ತಿತ್ತು ಎನ್ನುತ್ತಾನೆ. ಅವನದೇ ಸರಿಯಿರಬಹುದು.

ಕಾರವಾರದಲ್ಲಿ ನಮಗೆ ವಿದ್ಯುತ್ ವಿಷಯ ಕಲಿಸುತ್ತಿದ್ದ ಮಾಸ್ತರರು ಎಡಗೈಯನ್ನು ಸದಾ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದರು. ಎರಡೂ ಕೈ ತಗುಲಿದರೆ ಕರೆಂಟು ಎದೆಯ ಮೂಲಕ ಹಾಯುತ್ತದೆ ಎಂಬ ಎಚ್ಚರ ಅವರಿಗೆ ಚಹಾ ಕುಡಿಯುವಾಗಲೂ ಬಿಡದ ರೂಢಿಯಾಗಿತ್ತು. ನಾವು ಏನು ಹೇಳಿದರೂ ಅವರು ಕೇಳುತ್ತಿದ್ದುದು ಒಂದೇ: "ಅಳೆದ್ಯಾ?"

ತಂತಿ ಹರಿದು ಗದ್ದೆಗೆ ಬಿದ್ದರೆ ತಾನಾಗಿಯೇ ಲೈನ್ ಕಡಿಯುವ ಪೆಟ್ಟಿಗೆಯೊಂದನ್ನು ಅವರು ರೂಪಿಸಿದ್ದರು. ಪರೀಕ್ಷೆಗೆಂದು ಅದನ್ನು ಹತ್ತಿರದ ಅವರ್ಸಾ ಎಂಬ ಹಳ್ಳಿಯ ಟ್ರಾನ್ಸ್‌ಫಾರ್ಮರಿಗೆ ಜೋಡಿಸಿದ್ದರು. ನಾವು ನೋಡಲು ಹೋಗಿದ್ದಾಗಲೇ ತೆಂಗಿನ ಗರಿಯ ಹೆಡೆ ಬಿದ್ದು ತಂತಿ ಹರಿಯಿತು. ತಂತಿ ಬಿದ್ದ ಗದ್ದೆಯ ನೀರಿನಲ್ಲೇ ಒಬ್ಬ ಹೆಂಗಸು ಭತ್ತದ ಸಸಿ ನಟ್ಟಿ ಮಾಡುತ್ತಿದ್ದಳು.

"ಅಕ್ಕಾ, ಅಲ್ಲೇ ನಿಲ್ಲು. ಕಾಲೆರಡೂ ಕೂಡ್ಸು," ಎಂದರು ಮಾಸ್ತರರು. ಕಾಲು ಅಗಲಿಸಿದರೆ ಕರೆಂಟು ಒಂದರಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ.

ಪೆಟ್ಟಿಗೆಯ ಕೆಂಪು ದೀಪ ಹೊತ್ತಿತ್ತು. "ಲೈನ್ ಕಡಿದಿದೆ ಸರ್," ಎಂದೆ.

"ಅಳೆದ್ಯಾ?"

ಅವರು ಟ್ರಾನ್ಸ್‌ಫಾರ್ಮರಿನ ಸ್ವಿಚ್ಚನ್ನೂ ಇಳಿಸಿ, ಮೀಟರ್ ಹಚ್ಚಿ ನೋಡತೊಡಗಿದರು.

"ಎಷ್ಟೊತ್ತು ಮಾಸ್ತರ್ರೆ? ನಾನೂ ಒಂದು ಕಂಬ ಆಗ್ಲಾ?" ಎಂದಳು ಅವಳು.

"ಈಗ ಬಾ ಅಕ್ಕಾ," ಎಂದು ಅವರು ಗದ್ದೆಯಂಚಿಗೆ ಹೋಗಿ, ಎರಡೂ ಕೈ ಚಾಚಿ ಅವಳನ್ನು ಮೇಲೆ ಹತ್ತಿಸಿಕೊಂಡರು.

ಅವಳು ಉಳಿದದ್ದು ಪೆಟ್ಟಿಗೆಯಿಂದಲೋ, ಮಾಮೂಲಿ ಫ್ಯೂಸ್ ಹೋದದ್ದರಿಂದಲೋ ಎಂಬ ಸಂಶಯ ಮಾತ್ರ ನನ್ನನ್ನು ಬಿಡಲಿಲ್ಲ. ವರ್ಷಗಳ ನಂತರ, ಅಂದು ಹರಿದ ತಂತಿಯನ್ನು ಮತ್ತೆ ಕಟ್ಟಿದ್ದ ಲೈನ್‌ಮನ್‌ನನ್ನು ಹುಡುಕಿ ಕೇಳಿದೆ.

"ಫ್ಯೂಸ್ ಎಲ್ಲಿ ಹೋಗಿತ್ತು ಮಾರಾಯ್ರೆ? ಹಳೇ ಫ್ಯೂಸಿನ ಮೇಲೇ ಮತ್ತೆ ಲೈನ್ ಬಿಟ್ಟೆ," ಎಂದ.