ಜ್ವರ ಇಳಿದ ದಿನ

ನನ್ನ ನೆಗೆಣ್ಣಿ ಹಾಸಿಗೆ ಹಿಡಿದಾಗ ಬಳಗಾನೂರಿನ ಗದ್ದೆಗಳಲ್ಲಿ ನಾಟಿ ಜೋರಾಗಿತ್ತು. ನನ್ನ ಗಂಡನ ಅಣ್ಣನ ಹೆಂಡತಿ ಅವಳು. ನಾನು ಅಕ್ಕ ಅಂತಲೇ ಕರೆಯುತ್ತಿದ್ದೆ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ರೊಟ್ಟಿ ಬಡಿಯುವುದನ್ನು ಕಲಿಸಿದವಳೂ ಅವಳೇ.

ಮೈಯೆಲ್ಲ ಸುಡುತ್ತಿತ್ತು. "ಕಣ್ಣಿನ ಹಿಂದ ಯಾರೋ ಒತ್ತಿದಂಗ ಆಗಾಕತ್ತೈತಿ" ಅನ್ನುತ್ತಿದ್ದಳು. ಅಂಗಡಿಯಿಂದ ಮೈನೋವಿನ ಗುಳಿಗೆ ತಂದು ನಾನೇ ನುಂಗಿಸಿದೆ. ನಾಲ್ಕನೇ ದಿನ ಮುಂಜಾನೆ ಹಣೆ ಮುಟ್ಟಿದರೆ ತಣ್ಣಗಿತ್ತು.

"ಜ್ವರ ಬಿಟ್ಟೈತಿ ನೋಡಕ್ಕ!"

"ಬಿಟ್ಟೈತಿ ಖರೆ, ಹೊಟ್ಟಿ ಭಾಳ ನೋಯಾಕತ್ತೈತಿ."

"ನಾಕ್ ದಿನ ಏನೂ ತಿಂದಿಲ್ಲಲ್ಲ, ಅದಕ್ಕ."

ಗಂಜಿ ಕುಡಿಸಿದೆ. ಎರಡು ಸಲ ವಾಂತಿ ಮಾಡಿಕೊಂಡಳು. ಬರೀ ಹೊಟ್ಟೆಗೆ ಹಾಗೇ ಆಗುತ್ತದೆ ಅಂದುಕೊಂಡು ಆಳುಗಳಿಗೆ ಬುತ್ತಿ ಹೊತ್ತು ಹೊಲಕ್ಕೆ ಹೋದೆ.

ಮರುದಿನ ಮಧ್ಯಾಹ್ನ ಅವಳ ಕೈಕಾಲು ತಣ್ಣಗಾಗಿ ಬೆವೆತಿದ್ದವು. ಸೆರಗಿನ ತುದಿಗೆ ವಸಡಿನ ರಕ್ತ ಹತ್ತಿತ್ತು. ಅವಳ ಗಂಡ, ನಮ್ಮ ಭಾವ, ಆಟೋ ತಂದರು. ಸಿಂಧನೂರಿನ ತನಕ ಅವಳ ತಲೆ ನನ್ನ ತೊಡೆಯ ಮೇಲಿತ್ತು.

ಡಾಕ್ಟರು ಮೊದಲು ಕೇಳಿದ್ದು, "ಜ್ವರ ಯಾವಾಗ ಇಳೀತು?"

"ನಿನ್ನೆ ಮುಂಜಾನೀರಿ. ಆರಾಮಾಗ್ಯಾಳ ಅಂದ್ಕೊಂಡಿದ್ವಿ."

"ಇದು ಡೆಂಗಿ ಇದ್ದಂಗೈತಿ. ಡೆಂಗಿ ಜ್ವರ ಇಳಿದ ಮ್ಯಾಲನ ಹುಷಾರಿರಬೇಕಮ್ಮ. ರಕ್ತದೊಳಗಿನ ನೀರು ರಕ್ತನಾಳದಿಂದ ಹೊರಗ ಸೋರಾಕ ಹತ್ತತೈತಿ. ಹೊಟ್ಟಿನೋವು, ವಾಂತಿ ಅಂದ್ರ ಅದರ ಸೂಚನೆ." ನನ್ನ ಕೈಯಲ್ಲಿದ್ದ ಗುಳಿಗೆ ಹಾಳೆ ನೋಡಿ ಅವರ ಮುಖ ಇನ್ನೂ ಗಂಭೀರವಾಯಿತು. "ಇಂಥಾ ನೋವಿನ ಗುಳಗಿ ಇದಕ್ಕ ಕೊಡಬಾರದು. ರಕ್ತ ಹೋಗೋದು ಜಾಸ್ತಿ ಆಗತೈತಿ."

ಆಗಲೇ ರಾಯಚೂರಿಗೆ ಕಳಿಸಿದರು. ಮೂರನೇ ದಿನ ಅಲ್ಲಿಂದ ಅವಳ ಹೆಣ ತಂದೆವು.

ಮಣ್ಣಾದ ವಾರಕ್ಕೆ ಆಶಾ ಕಾರ್ಯಕರ್ತೆ ಮನೆಗೆ ಬಂದಳು. ಡೆಂಗಿ ತರುವ ಸೊಳ್ಳೆ ಗದ್ದೆಯದು, ಗಟಾರದ್ದು ಅಂತ ನಾನು ತಿಳಿದಿದ್ದೆ. ಅವಳು ನೇರ ಹಿತ್ತಲಿಗೆ ಹೋಗಿ, ನಳ ಬಂದಾಗ ನಾವು ತುಂಬಿಡುವ ಡ್ರಮ್ಮಿನೊಳಗೆ ಬ್ಯಾಟರಿ ಬೆಳಕು ಬಿಟ್ಟಳು. ತಿಳಿನೀರಿನಲ್ಲಿ ಸಣ್ಣ ಹುಳುಗಳು ನುಲಿಯುತ್ತಿದ್ದವು. "ಇವು ಅದ ಸೊಳ್ಳಿ ಮರಿ. ಸ್ವಚ್ಛ ನೀರಾಗ ಹುಟ್ಟತಾವಕ್ಕ, ಹಗಲೊತ್ತಿನಾಗ ಕಚ್ಚತಾವ" ಅಂದಳು. ಮುಚ್ಚಳ ಇರಲಿಲ್ಲ. ಡ್ರಮ್ಮು ಬಗ್ಗಿಸಿ ನೀರು ಚೆಲ್ಲಿ, ಕೈ ನೋಯುವ ತನಕ ಒಳಗೆ ಉಜ್ಜಿದೆ.

ಈಗ ಇದೆಲ್ಲ ನನಗೆ ಗೊತ್ತು. ಯಾರ ಮನೆಯಲ್ಲಿ ಜ್ವರ ಅಂದರೂ ಹೋಗಿ ಹೇಳಿ ಬರುತ್ತೇನೆ. ಕೆಲವರು ಕೇಳುತ್ತಾರೆ, ಕೆಲವರು ಪಾಪ ಅಂತ ನನ್ನ ಮುಖ ನೋಡುತ್ತಾರೆ.

ಒಂದು ದಿನ ಊಟಕ್ಕೆ ಕೂತ ಭಾವ ತುತ್ತು ಕೈಯಲ್ಲೇ ಹಿಡಿದು ಕೇಳಿದರು, "ಜ್ವರ ಇಳಿದ ದಿನಾನ ಕರಕೊಂಡು ಹೋಗಿದ್ರ ಉಳೀತಿದ್ಲೇನವ್ವ?"

"ನನಗ ಗೊತ್ತಿಲ್ರಿ ಭಾವ" ಅಂದೆ.

ನಾನು ಅವರ ಗಂಗಾಳಕ್ಕೆ ಸಾರು ಹಾಕಿ ಒಳಗೆ ಹೋದೆ.