ಸಂಗ್ರಾಮನ ಆ್ಯಪಿನಲ್ಲಿ ಪರರ ಹೆಸರು

ನಿಪ್ಪಾಣಿಯ ತಂಬಾಕು ಪೇಟೆಯಲ್ಲಿ ಚೀಲದ ಬಾಯಿ ನೋಡಿ ಯಾರೂ ದರ ಹೇಳುವುದಿಲ್ಲ. ಮೊಣಕೈವರೆಗೆ ಕೈ ಇಳಿಸಿ, ತಳದ ಎಲೆ ಎಳೆದು ನೋಡುತ್ತಾರೆ. ಸಂಗ್ರಾಮನನ್ನು ಹಾಗೆ ನೋಡಿದರೆ ಬಾಯಿಗೆ ಇಸ್ತ್ರಿ ಅಂಗಿ, ಕಪ್ಪು ಕನ್ನಡಕ, ಗಡಸು ದನಿ. ನಡುವೆ ಒಂದಿಷ್ಟು ಕೆಲಸ, ಅದು ವೈರಿಂಗಿನದು. ತಳದಲ್ಲಿ ಬರೀ ಪುಡಿ. ಮಧ್ಯಮ ಮಾಲು ಎಂದು ಹೇಳಿ ಮುಂದಿನ ಚೀಲಕ್ಕೆ ಹೋಗಬಹುದಾದ ಆಸಾಮಿ.

ಅವನ ಎಲೆಕ್ಟ್ರಿಕ್ ಅಂಗಡಿ ನನ್ನ ಅಂಗಡಿಯ ಎದುರಿಗೇ ಇದೆ. ಬೋರ್ಡಿನ ಮುಕ್ಕಾಲು ಭಾಗ ಒಂದು ವೈರ್ ಕಂಪನಿಯ ಹೆಸರು, ಏಕೆಂದರೆ ಬೋರ್ಡು ಪುಕ್ಕಟೆ ಹಾಕಿಸಿದ್ದು ಆ ಕಂಪನಿ. ಸಂಗ್ರಾಮನ ಹೆಸರು ಕೆಳಗಿನ ಮೂಲೆಯಲ್ಲಿ, ಹುಡುಕುವವರಿಗೆ ಮಾತ್ರ. ನಮ್ಮ ಪೇಟೆಯಲ್ಲಿ ಸಿಮೆಂಟಿನವರು, ಬಣ್ಣದವರು, ಮೊಬೈಲಿನವರು ಎಲ್ಲರ ಬೋರ್ಡೂ ಹೀಗೆಯೇ. ಉಳಿದವರು ಪುಕ್ಕಟೆ ಸಿಕ್ಕಿತೆಂದು ಹಾಕಿಸಿಕೊಂಡಿದ್ದಾರೆ. ಸಂಗ್ರಾಮ ಅದರ ಹಿಂದೆ ಅಡಗಿ ಕೂತಿದ್ದ. ಕೆಟ್ಟ ಫ್ಯಾನು ಹೊತ್ತು ಯಾರಾದರೂ ಬಂದರೆ ತಲೆ ಎತ್ತದೆ ಹೇಳುತ್ತಿದ್ದ: "ಕಂಪನಿಗೆ ಫೋನ್ ಹಚ್ರಿ. ನಾ ಬರೇ ಮಾರಾಂವ."

ಇಂಥವನು ತಾನೇ ಒಂದು ಮಾಲು ತಯಾರಿಸಿದ. ಗೋಡೆಯ ಸ್ವಿಚ್ಚಿನ ಹಿಂದೆ ಕೂರುವ ಸಣ್ಣ ಡಬ್ಬಿ. ಫೋನಿನಿಂದಲೇ ಲೈಟು, ಗೀಜರು, ಮೇಲಿನ ಟಾಕಿಗೆ ನೀರೆತ್ತುವ ಮೋಟರು ಚಾಲೂ ಮಾಡಬಹುದು, ಬಂದ್ ಮಾಡಬಹುದು. ಮನೆಯಲ್ಲಿ 'ಘರ್‌ವಾಣಿ' ಇದ್ದರೆ, ಅಂದರೆ ದೊಡ್ಡ ಕಂಪನಿಯೊಂದರ ಆ ಮಾತು ಕೇಳುವ ಪೆಟ್ಟಿಗೆ ಇದ್ದರೆ, ಬಾಯಲ್ಲಿ ಹೇಳಿದರೂ ಸಾಕು. ಡಬ್ಬಿಗೆ ಬೇಕಾದ ಆ್ಯಪ್ ಮಾಡಿಕೊಟ್ಟವಳು ಬೋರಗಾಂವದ ಮಯೂರಿ, ಅವನ ಚಿಕ್ಕಪ್ಪನ ಸೊಸೆ. ಆ್ಯಪಿನ ಬರಹ ಮಾತ್ರ ಸಂಗ್ರಾಮನ ಸ್ವಂತದ್ದು. ಮೇಲೆ ದಪ್ಪಕ್ಷರದಲ್ಲಿ 'ಘರ್‌ವಾಣಿ', ಪಕ್ಕದಲ್ಲಿ ಆ ಕಂಪನಿಯ ಗುರುತಾದ ನೀಲಿ ಹಕ್ಕಿ, ಕೆಳಗೆ 'ಅಧಿಕೃತ ಸ್ವಿಚ್'. ಅಂಗಡಿಯ ಬೋರ್ಡನ್ನೇ ಫೋನಿನೊಳಗೆ ತೂಗುಹಾಕಿದ್ದ.

ಪರರ ಹೆಸರು, ಗುರುತು ಹಾಕುವಂತಿಲ್ಲ ಎಂದು ಆ್ಯಪ್ ಸ್ಟೋರಿನವರು ವಾಪಸ್ ಕಳಿಸಿದರು. ಹಕ್ಕಿಯನ್ನು ಸ್ವಲ್ಪ ಸಣ್ಣದು ಮಾಡಿ ಮತ್ತೆ ಕಳಿಸಿದ. ಮತ್ತೆ ವಾಪಸ್ಸು, ಈ ಸಲ ಇನ್ನೊಮ್ಮೆ ಹೀಗಾದರೆ ಖಾತೆಯೇ ಬಂದ್ ಎಂಬ ಎಚ್ಚರಿಕೆಯೊಂದಿಗೆ. ಇತ್ತ ಚಿಕ್ಕೋಡಿ ರಸ್ತೆಯಲ್ಲಿ ಸಾಲುಮನೆ ಕಟ್ಟಿಸುತ್ತಿದ್ದ ರಾವಸಾಹೇಬರು ಎಲ್ಲ ಮನೆಗೂ ಅವನ ಡಬ್ಬಿ ಹಾಕಿಸಿದ್ದರು. ಅವರು ಕರೆದು ಹೇಳಿದರು: "ವಾಸ್ತುಶಾಂತಿ ಒಳಗ ಮಂದಿ ಫೋನಿನ್ಯಾಗ ಆ್ಯಪ್ ಬರ್ಲಿಲ್ಲಂದ್ರ, ನಿನ್ನ ಡಬ್ಬಿ ಕಿತ್ತು ಸಾದಾ ಸ್ವಿಚ್ ಕೂಡ್ರಸ್ತೇನಿ ನೋಡಪಾ."

ಸಂಗ್ರಾಮ ಬೋರಗಾಂವಕ್ಕೆ ಓಡಿದ. ಮಯೂರಿಯ ಮನೆಯಲ್ಲಿ ಮಗ್ಗದ ಸದ್ದಿಗೆ ಎಲ್ಲರೂ ಕೂಗಿಯೇ ಮಾತಾಡುತ್ತಾರೆ.

"ವೈನಿ, ಅವರಿಗೇನ ತ್ರಾಸ? ಅವರ ಹೆಸರ ನಾನ ದೊಡ್ಡದು ಮಾಡಾಕತ್ತೇನಿ. ಪುಕ್ಕಟೆ ಜಾಹೀರಾತ."

"ಅವರೇನ ಕೇಳ್ಯಾರೇನ್ರಿ ಭಾವೋಜಿ?" ಎಂದಳು ಮಯೂರಿ. "ಡಬ್ಬಿ ಅವರು ಮಾಡಿಲ್ಲ, ಅಧಿಕೃತ ಅಂತ ಅವರು ಅಂದಿಲ್ಲ, ಹಕ್ಕಿ ಅವರು ಕೊಟ್ಟಿಲ್ಲ."

"ಮತ್ತ ಹೆಂಗ ಬರೀಬೇಕ?"

"ಅವರ ವೆಬ್‌ಸೈಟಿನ್ಯಾಗ ಹೇಳ್ಯಾರ. ಮೊದಲ ನಿಮ್ಮ ಹೆಸರ, ಸಂಗ್ರಾಮ ಸ್ವಿಚ್. ಆಮ್ಯಾಲ, ಘರ್‌ವಾಣಿ ಜೊತೆ ಕೆಲಸ ಮಾಡುತ್ತದೆ ಅಂತ. ಹಕ್ಕಿ ಬ್ಯಾಡ. ಕೆಳಗ, ಘರ್‌ವಾಣಿ ಅನ್ನೂ ಹೆಸರ ಆ ಕಂಪನೀದು, ಈ ಆ್ಯಪಿಗೂ ಅವರಿಗೂ ಸಂಬಂಧ ಇಲ್ಲ ಅಂತ. ಮುಗೀತು."

"ಅಂದ್ರ ಮ್ಯಾಲ ನನ್ನ ಹೆಸರ?"

"ಮಾಡಿದವರು ನೀವಲ್ರಿ?"

"ಮಾಡೇನಿ ಖರೆ. ಮೋಟರ್ ನಿಂತ್ರ ಮಂದಿ ಯಾರಿಗೆ ಫೋನ್ ಹಚ್ತಾರ?"

"ನಿಮಗ."

ಸಣ್ಣ ಹೆಸರಿಗೆ ಗಿರಾಕಿ ಬರುವುದಿಲ್ಲ ಎಂಬ ಭಯ ಸಂಗ್ರಾಮನದಾಗಿರಲಿಲ್ಲ. ಬಂದ ಗಿರಾಕಿ ತನ್ನನ್ನೇ ಹುಡುಕಿಕೊಂಡು ಬರುತ್ತಾನೆ ಎಂಬುದೇ ಅವನ ಭಯ.

"ಹೆಸರ ಇರ್ಲಿ," ಎಂದ ಕೊನೆಗೆ, ದನಿ ಮೆತ್ತಗೆ ಮಾಡಿ. "ಫೋನ್ ನಂಬರ್ ಮಾತ್ರ ನಿಮ್ಮದ ಹಾಕೂಣು. ನೀವ ಮನ್ಯಾಗ ಇರ್ತೀರಿ."

ಮಯೂರಿಯ ಅತ್ತೆ ಅಕ್ಕವ್ವ ಚಹಾ ತಂದಿಟ್ಟಳು. "ಕೂಸು ನಿಂದು, ತೊಟ್ಟಿಲಾ ತೂಗಾಕ ನನ್ನ ಸೊಸಿ ಬೇಕೇನೋ? ಚಾ ಕುಡದು ನಿನ್ನ ನಂಬರ್ ಬರಸಿ ಹೋಗು."

ರಾವಸಾಹೇಬರ ಮುಖ ನೆನೆದು ಬರೆಸಿದ. ಮೂರನೆಯ ಸಲ ಆ್ಯಪ್ ಪಾಸಾಯಿತು. ವಾಸ್ತುಶಾಂತಿಗೆ ಬಂದವರೆಲ್ಲ ಊಟದ ಪಂಕ್ತಿಯಲ್ಲೇ ಇಳಿಸಿಕೊಂಡು ಲೈಟು ಹಚ್ಚಿ ಆರಿಸಿ ಆಡಿದರು. ಡಬ್ಬಿಗಳು ಗೋಡೆಯಲ್ಲೇ ಉಳಿದವು.

ಮರುವಾರವೇ ಒಂದು ಮನೆಯ ಮೋಟರು ಬಂದ್ ಆಗದೆ ಟಾಕಿ ತುಂಬಿ ಅಂಗಳಕ್ಕೆ ಹರಿಯಿತು. ಫೋನ್ ಬಂದಾಗ ಸಂಗ್ರಾಮ, "ನಾ ಕೊಗನೊಳ್ಳಿ ದಾಟೇನ್ರಿ, ಕೊಲ್ಹಾಪುರಕ್ಕ ಹೊಂಟೇನಿ. ಕಂಪನಿಗೆ ಹಚ್ರಿ" ಎಂದ. ನನ್ನ ಕಣ್ಣೆದುರಿಗೇ, ತನ್ನ ಗಲ್ಲಾಪೆಟ್ಟಿಗೆಯ ಮೇಲೆ ಕಾಲು ಚಾಚಿ ಕೂತಿದ್ದ.

"ಕಂಪನಿಗೇ ಹಚ್ಚೇನ್ರಿ," ಎಂದಿತು ಆ ಕಡೆಯ ದನಿ. "ಸಂಗ್ರಾಮ ಅಂತ ಬರದೈತಿ."

ಅವನು ಹೋದ, ಗೊಣಗುತ್ತ, ಸ್ಕ್ರೂಡ್ರೈವರ್ ಜೇಬಿಗೆ ಸಿಕ್ಕಿಸಿಕೊಂಡು. ಈಗಲೂ ಕರೆದರೆ ಗೊಣಗುತ್ತಾನೆ, ಚಹಾ ಕೇಳಿ ಕುಡಿಯುತ್ತಾನೆ, ತಪ್ಪೆಲ್ಲ ಕರೆಂಟಿನದು ಎನ್ನುತ್ತಾನೆ. ಅವನ ಬಗೆಗಿನ ನನ್ನ ಅಭಿಪ್ರಾಯ ಕೂದಲೆಳೆಯಷ್ಟೂ ಬದಲಾಗಿಲ್ಲ.

ನನ್ನ ತಾಯಿಗೆ ಮೊಣಕಾಲು ನೋವು. ಮೋಟರು ಹಚ್ಚಿ ಆರಿಸಲು ದಿನಾ ಮಾಳಿಗೆಯ ಸ್ವಿಚ್ಚಿನವರೆಗೆ ಹತ್ತುತ್ತಿದ್ದಳು. ನಮ್ಮ ಮನೆಗೂ ಅವನ ಡಬ್ಬಿ ಹಾಕಿಸಿದ ಮೇಲೆ ಹತ್ತುವುದಿಲ್ಲ, ಕಟ್ಟೆಯ ಮೇಲೆ ಕೂತು ಫೋನ್ ಒತ್ತುತ್ತಾಳೆ. ಇದಕ್ಕೆ ನಾನು ಸಂಗ್ರಾಮನಿಗೆ ಋಣಿ.